ನಮ್ಮಕ್ಕನ ಗಾಜಿನ ಕೊಳವೆಗೆ ಬಂದ ರಾಗಿ

ನಮ್ಮಕ್ಕನಿಗೆ ಬದುಕಿರುವವರನ್ನು ಕಂಡರೆ ಅಷ್ಟಕ್ಕಷ್ಟೇ. ಹಾಗಂತ ಸತ್ತವರೆಲ್ಲರನ್ನೂ ಕಂಡರೆ ಪ್ರೀತಿ ಎಂದುಕೊಳ್ಳಬೇಡಿ! ಸತ್ತು ಮುನ್ನೂರು ವರ್ಷವಾದರೂ ಆಗಿರಬೇಕು. ಅದಕ್ಕಿಂತ ಈಚೆಗೆ ಸತ್ತವರು ಅವಳ ಪಾಲಿಗೆ ಇನ್ನೂ ಎಳಸು. “ಬಿಸಿ ಆರಿಲ್ಲ” ಎಂದು ಪಕ್ಕಕ್ಕೆ ಸರಿಸಿಬಿಡುತ್ತಾಳೆ.

ಅಕ್ಕ ಎಂದರೆ ನನ್ನ ದೊಡ್ಡಮ್ಮನ ಮಗಳು. ರಾಯದುರ್ಗದಲ್ಲಿ ಹುಟ್ಟಿ, ಅಲ್ಲಿನ ಬೆಟ್ಟದ ಬಂಡೆಗಳ ಮೇಲೆ ಜಾರಿ ಮೊಣಕಾಲು ಕೆತ್ತಿಸಿಕೊಂಡು ಬೆಳೆದವಳು. ಈಗ ದೂರದ ಒಂದು ನಗರದಲ್ಲಿ, ಹಳೆಯ ವಸ್ತುಗಳ ವಯಸ್ಸು ಪತ್ತೆ ಮಾಡುವ ಪ್ರಯೋಗಾಲಯದಲ್ಲಿದ್ದಾಳೆ. ಎಲ್ಲೆಲ್ಲೋ ಅಗೆದವರಿಗೆ ಸಿಕ್ಕ ಇದ್ದಿಲು, ಕಾಳು, ಮೂಳೆ, ಮರದ ಚೂರು ಎಲ್ಲ ಪೊಟ್ಟಣಗಳಲ್ಲಿ ಅವಳ ಮೇಜಿಗೆ ಬರುತ್ತವೆ. ಅವಳು ಅವನ್ನು ತೊಳೆದು, ಸುಟ್ಟು, ಎದ್ದ ಗ್ಯಾಸನ್ನು ಹಿಡಿದು, ಸೋಸಿ, ಶುದ್ಧ ಮಾಡಿ ಮುಂದಿನ ಯಂತ್ರಕ್ಕೆ ಒಪ್ಪಿಸಬೇಕು. ವಯಸ್ಸು ಹೇಳುವುದು ಯಂತ್ರ. ಆದರೆ ಯಂತ್ರಕ್ಕೆ ಹೆಸರು ಬರುವುದನ್ನು ಅಕ್ಕ ಸಹಿಸುವುದಿಲ್ಲ.

“ಅದೇನು ಮಾಡ್ತೈತಿ? ಬರೀ ಬಾಯಿ ಅದು. ತಿನ್ಸೋದು ನಾನು. ನಾನು ಕೆಟ್ಟದ್ದು ತಿನ್ಸಿದ್ರ ಅದು ಕೆಟ್ಟದ್ದೇ ಕಕ್ತೈತಿ.”

ನಾನು ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿದವನು. ಅಂದರೆ ಎದುರಿಗೆ ಕಂಡದ್ದನ್ನೆಲ್ಲ ಸಂಶಯಿಸಲು ಸರ್ಕಾರದಿಂದ ಡಿಗ್ರಿ ಪಡೆದವನು! ಸತ್ತ ಕಾಳು ತನ್ನ ವಯಸ್ಸು ಹೇಳುತ್ತದೆ ಎಂದರೆ ಸುಮ್ಮನೆ ಒಪ್ಪುತ್ತೇನೆಯೇ? ಒಮ್ಮೆ ಪಟ್ಟು ಹಿಡಿದು ಕೇಳಿದೆ. ಅಕ್ಕ ಕೈಲಿದ್ದ ಮಂಡಕ್ಕಿಯನ್ನೇ ತೋರಿಸಿ ಹೇಳಿದಳು: “ನೋಡಲೇ, ಗಿಡ ಬದುಕಿರೋತನ ಗಾಳಿಯಿಂದ ಇಂಗಾಲ ತಗೊಂತಾನೇ ಇರ್ತೈತಿ. ಆ ಇಂಗಾಲದಾಗ ಒಂಚೂರು ತಾನಾಗೇ ಕರಗಿಹೋಗೋ ಜಾತಿದು ಇರ್ತೈತಿ. ಸತ್ತ ದಿನ ಹೊಸದು ತಗೊಳ್ಳೋದು ನಿಂತುಹೋತು. ಹಳೇದು ಕರಗ್ತಾ ಹೋತು. ಎಷ್ಟು ಉಳಿದೈತಿ ನೋಡಿದ್ರ, ಎಂದು ಸತ್ತಿತು ಅಂತ ಗೊತ್ತಾಗ್ತೈತಿ.”

“ಅಂದ್ರೆ ಸಾವಿನ ಸರ್ಟಿಫಿಕೇಟು.”

“ಹೌದು. ಯಾರ ಕೈ ಬಿಸಿ ಮಾಡ್ದಂಗ ಸಿಗೋದು ಇದೊಂದೇ.”

ಇದನ್ನು ಅವಳು ಹೇಳಿದ್ದು ಕಣೇಕಲ್ಲಿನ ಬಸ್ಸಿನಲ್ಲಿ, ಕಿಟಕಿಯಾಚೆ ಕಾಲುವೆ ನೀರಿನ ಭತ್ತದ ಗದ್ದೆಗಳು ಓಡುತ್ತಿದ್ದವು ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ಅಕ್ಕನನ್ನು ಕೇಳಿದರೆ, ಬಸ್ಸೂ ಅಲ್ಲ ಗದ್ದೆಯೂ ಅಲ್ಲ, ದೊಡ್ಡಮ್ಮನ ಅಡುಗೆಮನೆ ಎನ್ನುತ್ತಾಳೆ. ಮಂಡಕ್ಕಿಯಂತೂ ಇರಲೇ ಇಲ್ಲವಂತೆ! ಇಬ್ಬರೂ ಆಣೆ ಮಾಡಬಲ್ಲೆವು. ನನ್ನ ನೆನಪನ್ನು ನಾನೇ ನಂಬದ ವಯಸ್ಸಿಗೆ ಬಂದಿದ್ದೇನೆ. ಆದ್ದರಿಂದ ನೀವು ಈ ಬರಹವನ್ನು ಸ್ವಲ್ಪ ಹೆಚ್ಚು ಕಡಿಮೆ ಹಾಕಿಕೊಂಡೇ ಓದುವುದು ಒಳ್ಳೆಯದು.

ಹೆಚ್ಚು ಕಡಿಮೆ ಎಂದೆನಲ್ಲ, ಅದು ಅಕ್ಕನ ಮಾತು. ಅವಳ ವೃತ್ತಿಯಲ್ಲಿ ಬರೀ ವಯಸ್ಸು ಹೇಳಿದರೆ ಯಾರೂ ಒಪ್ಪುವುದಿಲ್ಲವಂತೆ. ಇಷ್ಟು ವರ್ಷ, ಹೆಚ್ಚು ಕಡಿಮೆ ಇಷ್ಟು ಎಂದೇ ಹೇಳಬೇಕು. ಈ ಅಭ್ಯಾಸವನ್ನು ಅವಳು ಪ್ರಯೋಗಾಲಯದ ಬಾಗಿಲಲ್ಲಿ ಬಿಟ್ಟು ಬರುತ್ತಾಳೆಯೇ? ಕಣೇಕಲ್ಲಿನಲ್ಲಿ ನಮ್ಮ ಸಂಬಂಧಿಕರ ಹುಡುಗಿಗೆ ಗಂಡು ನೋಡುವ ದಿನ. ಗಂಡಿನ ಸೋದರಮಾವ ಗತ್ತಿನಿಂದ ಹೇಳಿದರು: “ಹುಡುಗನಿಗೆ ಇಪ್ಪತ್ತೆಂಟು ರಿ.”

ಅಕ್ಕ ಉಪ್ಪಿಟ್ಟಿನ ತಟ್ಟೆಯಿಂದ ತಲೆಯೆತ್ತಿ ಕೇಳಿದಳು: “ಹೆಚ್ಚು ಕಡಿಮಿ ಎಷ್ಟು ರಿ?”

“ಹಂಗಂದ್ರ?”

“ಇಪ್ಪತ್ತೆಂಟಕ್ಕ ಆಕಡಿ ಈಕಡಿ ಎಷ್ಟು ಅಂತ. ಅದು ಹೇಳದಿದ್ರ ವಯಸ್ಸು ಅಂತ ನಾವು ಒಪ್ಪಂಗಿಲ್ರಿ.”

“ಏನ್ರೀ ಅಮ್ಮ, ನಾವು ಹುಡುಗನ ವಯಸ್ಸು ಮುಚ್ಚಿಟ್ಟೀವಿ ಅಂತೀರೇನು?”

ದೊಡ್ಡ ಗಲಾಟೆಯೇ ಆಯಿತು. ದೊಡ್ಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮಗಳನ್ನು ತೊಡೆಗೆ ಚಿವುಟಿದರು. ಆದರೆ ಹೆಣ್ಣಿನ ಕಡೆಯವರಿಗೆ ಒಳಗೊಳಗೇ ಹುಳ ಬಿಟ್ಟಂತಾಗಿ, ಹೇಗೋ ಹುಡುಗನ ಆಧಾರ್ ಕಾರ್ಡು ತರಿಸಿ ನೋಡಿದರು. ಮೂವತ್ಮೂರು! ಅಕ್ಕನಿಗೆ ಮಾತ್ರ ಕೋಪವೇ ಬರಲಿಲ್ಲ. “ಐದೇ ವರ್ಷ ಹೆಚ್ಚು ಕಡಿಮಿ ಅಂದ್ರ ನಮ್ಮ ಯಂತ್ರಕ್ಕಿಂತ ಎಷ್ಟೋ ವಾಸಿ. ಒಳ್ಳೇ ಜನ, ಕೊಡ್ರಿ ಹುಡುಗೀನ” ಎಂದಳು. ಕೊಟ್ಟರು. ಚೆನ್ನಾಗಿದ್ದಾರೆ.

ರಜೆಗೆ ರಾಯದುರ್ಗಕ್ಕೆ ಬಂದಳೆಂದರೆ ಮನೆಯ ದೇವರಿಗೂ ಕಷ್ಟ. ಊದುಬತ್ತಿ ಹಚ್ಚಬಾರದು. ಕರ್ಪೂರವಂತೂ ಬೇಡವೇ ಬೇಡ. ಇವತ್ತಿನ ಹೊಗೆ ಹೋಗಿ ಹಳೆಯ ವಸ್ತುವಿನ ಮೇಲೆ ಕೂತರೆ ಅದರ ವಯಸ್ಸು ಕೆಡುತ್ತದೆ ಎಂಬುದು ಅವಳ ಶಾಸ್ತ್ರ. ದೊಡ್ಡಮ್ಮನ ದೇವರಕೋಣೆಯಲ್ಲಿ ಹಳೆಯ ವಸ್ತು ಯಾವುದಿದೆ ಎಂದು ಕೇಳುವಂತಿಲ್ಲ. ಕೇಳಿದರೆ ದೊಡ್ಡಮ್ಮನನ್ನೇ ತೋರಿಸುತ್ತಾಳೆ! “ಇವಳು ಬಂದ್ರ ನನ್ನ ದೇವ್ರು ಮೂಗು ಹಿಡ್ಕೊಂಡು ಕೂಡಬೇಕು ನೋಡಪ” ಎಂದು ದೊಡ್ಡಮ್ಮ ನನ್ನ ಬಳಿ ದೂರು ಹೇಳುತ್ತಾರೆ.

ಇನ್ನು ತೊಳೆಯುವ ಹುಚ್ಚು. ಮಣ್ಣಿನಿಂದ ಬಂದ ಇದ್ದಿಲನ್ನು ಅವಳು ಮೊದಲು ಆಮ್ಲದಲ್ಲಿ, ಆಮೇಲೆ ಕ್ಷಾರದಲ್ಲಿ, ಮತ್ತೆ ಆಮ್ಲದಲ್ಲಿ ತೊಳೆಯುತ್ತಾಳಂತೆ. ಮನೆಯ ಹಿತ್ತಾಳೆ ಪಾತ್ರೆಗಳಿಗೂ ಅದೇ ಗತಿ: ಮೊದಲು ಹುಣಸೆಹಣ್ಣು, ಆಮೇಲೆ ಸೋಡಾಪುಡಿ, ಮತ್ತೆ ಹುಣಸೆಹಣ್ಣು. ದೊಡ್ಡಮ್ಮನ ತವರಿನ ಕೊಡಪಾನದ ಮೇಲಿದ್ದ ಹೆಸರು ಅಳಿಸಿಹೋಗುವವರೆಗೂ ತೊಳೆದಳು. “ಅಕ್ಕ, ಅದರ ಮೇಲೆ ಹೆಸರಿತ್ತಲ್ಲ?” ಎಂದರೆ, “ಆಮ್ಯಾಲ ಬಂದದ್ದು ಅದು. ಅಸಲು ಕೊಡ ಒಳಗೈತಿ” ಎಂದಳು.

ಅಡುಗೆಮನೆಗೆ ಸಿಲಿಂಡರು ತಂದ ಹುಡುಗ ಒಂದು ದಿನ ಸಿಕ್ಕಿಬಿದ್ದ. ಅಕ್ಕ ಸಾಬೂನಿನ ನೊರೆ ಹಚ್ಚಿ, ಕಣ್ಣು ಕಿರಿದು ಮಾಡಿ, ರೆಗ್ಯುಲೇಟರಿನ ಸುತ್ತ ಗುಳ್ಳೆ ಬರುತ್ತದೆಯೇ ಎಂದು ಕಾದು ಕೂತಳು. ಅವನಿಗೆ ದಿಗಿಲಾಗಿ, “ಮೇಡಂ ಯಾವ ಡಿಪಾರ್ಟ್‌ಮೆಂಟು?” ಎಂದ. “ಗ್ಯಾಸ್ ಮಾಡ್ತೀನಪ” ಎಂದಳು ಅಕ್ಕ, ಗುಳ್ಳೆಯಿಂದ ಕಣ್ಣು ತೆಗೆಯದೆ. ಮಾರನೇ ದಿನವೇ ಓಣಿಯ ಹೆಂಗಸರೆಲ್ಲ ಕಟ್ಟೆಗೆ ಬಂದರು. ಸಿಲಿಂಡರು ಬೇಗ ಬರುವಂತೆ ಮಾಡಬೇಕಂತೆ!

“ನನ್ನ ಗ್ಯಾಸು ಒಂದು ಚಮಚದಷ್ಟೂ ಆಗಂಗಿಲ್ರವ್ವ.”

“ಆಗ್ಲಿ ಬಿಡ್ರಿ, ಒಂದ್ಲೋಟ ಚಾ ಕಾಯ್ತೈತಿಲ್ಲ?”

ಹೀಗೆ ನಗಾಡಿಸುವ ಅಕ್ಕನಿಗೂ ಒಂದು ಕೊರಗಿತ್ತು. ಅದನ್ನು ಅವಳು ಹೇಳಿಕೊಳ್ಳುವ ಜಾತಿಯವಳಲ್ಲ. ಆದರೆ ಬೆಟ್ಟದ ಕಡೆ ಮುಖ ಮಾಡಿ ಕೂತ ಒಂದು ಸಂಜೆ ಬಾಯಿಬಿಟ್ಟಳು. ಹಿಮಾಲಯದ ತಪ್ಪಲಿನದು ಬಂತು, ಗಂಗೆಯ ದಂಡೆಯದು ಬಂತು, ಸಮುದ್ರದ ತಳದ್ದೂ ಬಂತು. ಇಡೀ ದೇಶವನ್ನು ಚೂರು ಚೂರಾಗಿ ಸುಟ್ಟು ಗ್ಯಾಸು ಮಾಡಿದ್ದಾಳೆ. ನಮ್ಮ ಕಡೆಯದು ಮಾತ್ರ ಒಂದೂ ಬಂದಿಲ್ಲ. “ನಮ್ಮ ಸೀಮೆದಾಗ ಯಾರೂ ಹಳೇ ಕಾಲದಾಗ ಒಲಿ ಹಚ್ಚೇ ಇಲ್ಲೇನಲೇ? ಬರೋ ವರ್ಷ ರಿಟೈರು. ಒಂದು, ಒಂದೇ ಒಂದು ನಮ್ಮ ಮಣ್ಣಿಂದು ನನ್ನ ಕೈಯಾಗ ಗ್ಯಾಸ್ ಆದ್ರ ಸಾಕಾಗಿತ್ತು ನೋಡು” ಎಂದಳು.

ಇದಾಗಿ ಬಹಳ ದಿನವಾಗಿರಲಿಲ್ಲ. ನನ್ನ ಬಾಮೈದ ಫೋನು ಮಾಡಿದ. ನನ್ನ ಹೆಂಡತಿಯ ತವರು ಮಡಕಶಿರಾ ಕಡೆ, ಗುಡಿಬಂಡೆಯಿಂದ ಆಟೋದಲ್ಲಿ ಹೋಗುವ ಒಂದು ಹಳ್ಳಿ. “ಬಾವ, ಇತ್ತಲಲ್ಲಿ ಪಾಯಖಾನೆ ಗುಂಡಿ ತೋಡಿಸ್ತಿದ್ವಿ. ಅಗೇವು ಸಿಕ್ತು!” ಎಂದ.

ಹಗೇವು ಎಂದರೆ ಗೊತ್ತಲ್ಲ? ಹಿಂದಿನವರು ನೆಲದಲ್ಲಿ ಗುಡಾಣದಂತೆ ಗುಂಡಿ ತೋಡಿ ರಾಗಿ ತುಂಬಿ ಬಾಯಿ ಮುಚ್ಚಿಡುತ್ತಿದ್ದರಲ್ಲ, ಅದು. ಅದರ ತಳದಲ್ಲಿ ಕಪ್ಪಗೆ ಸುಟ್ಟು ಇದ್ದಿಲಾದ ರಾಗಿ ಇತ್ತಂತೆ. ಯಾವ ಕಾಲದಲ್ಲೋ ಬೆಂಕಿ ಬಿದ್ದಿರಬೇಕು. ಸಾವಿರ ವರ್ಷದ ಹಿಂದೆ ನೊಳಂಬ ಅರಸರು ಆಳಿದ ಹೇಮಾವತಿ ಊರು ಅಲ್ಲಿಂದ ದೂರವಿಲ್ಲ. ಬಾಮೈದ ತಾನೇ ತೀರ್ಮಾನಿಸಿಬಿಟ್ಟಿದ್ದ: ಹೇಮಾವತಿಯ ಗುಡಿ ಕಟ್ಟಿಸಿದ ನೊಳಂಬರ ಕಾಲದ್ದೇ ಇದು, ಗುಡಿ ಕೆತ್ತಿದ ಶಿಲ್ಪಿಗಳು ಇದೇ ಹಿತ್ತಲಿನ ರಾಗಿಯ ಮುದ್ದೆ ಉಂಡೇ ಕಲ್ಲು ಕೆತ್ತಿದ್ದು! ಊರ ಸಚಿವಾಲಯದಲ್ಲೂ, ಅಂದರೆ ನಮ್ಮ ಆಂಧ್ರದ ಪಂಚಾಯಿತಿ ಕಚೇರಿಯಲ್ಲೂ, ಹೇಳಿ ಬಂದಿದ್ದ. ಬೋರ್ಡು ಹಾಕಿಸುವ ಯೋಚನೆಯೂ ಇತ್ತು. ಪಾಯಖಾನೆ ಮಾತ್ರ ಬೇರೆ ಜಾಗ ಹುಡುಕುತ್ತಿತ್ತು.

ಅಕ್ಕ ಆಗ ರಾಯದುರ್ಗದಲ್ಲೇ ಇದ್ದಳು. ನನ್ನ ಕೈಯಿಂದ ಫೋನು ಕಿತ್ತುಕೊಂಡಳು.

“ನೋಡಪ, ಕೇಳಿಸ್ಕೊ. ಬರಿಗೈಲೆ ಮುಟ್ಟಬ್ಯಾಡ್ರಿ. ಬಟ್ಟಿ ಸುತ್ತಬ್ಯಾಡ್ರಿ. ಕಾಗದ ಬ್ಯಾಡ. ಅರಿಷಿಣ ಕುಂಕುಮ ಬ್ಯಾಡ. ಸಾಂಬ್ರಾಣಿ ಬ್ಯಾಡ. ಹತ್ರ ಬೀಡಿ ಸೇದಬ್ಯಾಡ್ರಿ. ಹೋಟ್ಲಿನಾಗ ರೊಟ್ಟಿ ಸುತ್ತೋ ಬೆಳ್ಳಿ ಹಾಳಿ ಬರ್ತೈತಿಲ್ಲ, ಅದ್ರಾಗ ಇಡ್ರಿ. ನಾ ಬರ್ತೀನಿ.”

ಎಷ್ಟು ಎಚ್ಚರ! ಮನುಷ್ಯರು ಮಾಡಬಹುದಾದ ಎಲ್ಲ ಅನಾಹುತಗಳನ್ನೂ ಹೇಳಿದ್ದಳು. ಒಂದನ್ನು ಬಿಟ್ಟು. ಅದು ಅವಳ ತಪ್ಪಲ್ಲ. ಈ ಪ್ರಪಂಚದಲ್ಲಿ ಅಂಥದ್ದೊಂದು ಕೆಲಸ ಮಾಡುವವರು ಇದ್ದಾರೆಂದು ಯಾವ ಪ್ರಯೋಗಾಲಯಕ್ಕೆ ತಾನೇ ಹೊಳೆದೀತು?

ಬಸ್ಸು ಬದಲಾಯಿಸಿ, ಆಟೋ ಹಿಡಿದು ಹೋದೆವು. ಹಳ್ಳಿಯ ಮನೆಯಲ್ಲಿ ಯಜಮಾನಿಕೆ ನನ್ನ ಹೆಂಡತಿಯ ಅಜ್ಜಿಯದು. ಅಕ್ಕ ಕೈಕಾಲು ತೊಳೆಯುವ ಮೊದಲೇ ಅಜ್ಜಿಯನ್ನು ದಿಟ್ಟಿಸಿ ನೋಡಿ, “ಅಮ್ಮ, ವಯಸ್ಸೆಷ್ಟು ರಿ ನಿಮಗ?” ಎಂದಳು.

“ಯಾರಿಗ್ ಗೊತ್ತವ್ವ? ಈ ಮನೆ ಎಂಚು ಎರಡು ಸತಿ ಕೆಡವಿ ಒದಿಸಿದ್ದು ಕಂಡಿವ್ನಿ.”

“ಹೆಚ್ಚು ಕಡಿಮಿ?”

“ಒಂದು ಮಳೆಗಾಲ ಅತ್ಲಾಗೋ ಇತ್ಲಾಗೋ.”

ಅಕ್ಕ ನನ್ನ ಕಡೆ ತಿರುಗಿದಳು. ಮುಖ ಅರಳಿತ್ತು. “ನೋಡಿದೇನಲೇ? ಹಿಂಗ ಹೇಳಬೇಕು ವಯಸ್ಸು!” ಜೀವಂತ ವ್ಯಕ್ತಿಯೊಬ್ಬರನ್ನು ಅವಳು ಮೆಚ್ಚಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಬಾಮೈದ ಒಳಗಿನಿಂದ ಬೆಳ್ಳಿ ಹಾಳೆಯ ಪೊಟ್ಟಣ ತಂದ. ಅವಳು ಹೇಳಿದಂತೆಯೇ ಇಟ್ಟಿದ್ದ ಪಾಪ. ಬಟ್ಟೆ ಇಲ್ಲ, ಕಾಗದ ಇಲ್ಲ, ಕುಂಕುಮ ಇಲ್ಲ. ಅಕ್ಕ ಚಿಮಟ ತೆಗೆದು, ಉಸಿರು ಬಿಗಿಹಿಡಿದು, ಹಾಳೆ ಬಿಡಿಸಿದಳು. ರಾಗಿ ಕಪ್ಪಗೆ ಇತ್ತು. ಕಪ್ಪಗೆ ಇದ್ದದ್ದಷ್ಟೇ ಅಲ್ಲ, ಈಗ ತಾನೇ ತಲೆ ಬಾಚಿಕೊಂಡು ಬಂದ ಮದುಮಗಳ ಜಡೆಯ ಹಾಗೆ ಹೊಳೆಯುತ್ತಿತ್ತು!

“ಇದು… ಯಾಕ ಹೊಳೀತೈತಿ?”

“ಅರಳೆಣ್ಣೆ ಕಣವ್ವ” ಎಂದರು ಅಜ್ಜಿ ಸಮಾಧಾನವಾಗಿ. “ನಾನೇ ಸವರಿದೆ. ಕಾಳು ಎತ್ತಿಡಬೇಕಾದ್ರೆ ಎಣ್ಣೆ ಸವರದೆ ಇಡ್ತಾರಾ? ನೀನು ಬರಾ ಅಷ್ಟರಾಗೆ ಉಳ ಬಿದ್ರೆ?”

ನಮ್ಮ ಕಡೆ ತೊಗರಿ, ಅವರೆ, ಹೆಸರು ಯಾವುದನ್ನೇ ಎತ್ತಿಟ್ಟರೂ ಹುಳ ಬೀಳದಿರಲೆಂದು ಹರಳೆಣ್ಣೆ ಸವರುವುದುಂಟು. ಆದರೆ ರಾಗಿಗೆ? ಅದೂ ಇದ್ದಿಲಾದ ರಾಗಿಗೆ? ನಾನು ನನ್ನ ವಿಶ್ವವಿದ್ಯಾಲಯದ ಬುದ್ಧಿ ಉಪಯೋಗಿಸಿದೆ: “ಅಜ್ಜಿ, ರಾಗಿಗೆ ಹುಳ ಬೀಳೋದೇ ಇಲ್ಲವಲ್ಲ.”

“ಎಳೇ ರಾಗಿಗೆ ಬೀಳಕಿಲ್ಲಪ್ಪ. ಇದು ಬೆಂಕಿ ಕಂಡು ಸೊರಗಿರೋ ಮುದುಕಿ. ಮುದುಕೀರಿಗೆ ಎಣ್ಣೆ ಬೇಕು.” ಎಂದು ತಮ್ಮ ಮೊಣಕೈಯನ್ನೊಮ್ಮೆ ಸವರಿಕೊಂಡರು. ಆಮೇಲೆ ಅಕ್ಕನ ಹತ್ತಿರ ಸರಿದು ಕೂತು ಕೇಳಿದರು: “ಯಾವಾಗ ಸುಟ್ಟಿದ್ದು ಅಂತ ಏಳ್ತೀಯಂತಲ್ಲವ್ವ ನೀನು. ಅದೊಂದು ಏಳು. ಬೆಂಕಿ ಬಿದ್ದಾಗ ಮನೇಲಿ ಎಂಗಸ್ರು ಮಕ್ಳು ಇದ್ರೋ, ಆಚೆ ಬಂದ್ರೋ, ಅದ್ನೂ ಏಳಂಗಿದ್ರೆ ಏಳು. ನಂಗೆ ಅದೇ ಯೋಚ್ನೆ ಆಗೈತೆ.”

ಅಕ್ಕ ಪೊಟ್ಟಣ ಮುಚ್ಚಿದಳು. ಎದ್ದು ಹೊರಗೆ ಹೋದಳು. ನಾನೂ ಬಾಮೈದನೂ ಹಿಂಬಾಲಿಸಿದೆವು. ಬೇವಿನ ಮರದ ಹಿಂದೆ ಹೋಗಿ ನಿಂತು ನಮ್ಮಿಬ್ಬರ ಮೇಲೆ ಎರಗಿದಳು: “ಏನು ಮಾಡಿಟ್ರಿ ಗೊತ್ತೈತೇನ್ರಲೇ? ಎಣ್ಣಿ ಅಂದ್ರೂ ಇಂಗಾಲಾನೇ. ಹೋದ ವರ್ಷದ ಹರಳುಗಿಡದ್ದು! ಇದನ್ನ ಸುಟ್ರ ಹಳೇ ರಾಗಿದೂ ಹೊಸಾ ಹರಳಿಂದೂ ಗ್ಯಾಸ್ ಕೂಡಿಬಿಡ್ತೈತಿ. ಯಂತ್ರ ಯಾರ ವಯಸ್ಸು ಹೇಳಬೇಕು, ಅಜ್ಜೀದಾ ಮೊಮ್ಮಗಂದಾ?”

“ತೊಳೆದ್ರೆ ಓಗಲ್ವಾ ಅಕ್ಕ?” ಎಂದ ಬಾಮೈದ.

ಅಕ್ಕ ಅವನನ್ನು ಒಂದು ಗಳಿಗೆ ನೋಡಿದಳು. “ತೊಳಿತೀನಿ. ನಾನು ಹುಟ್ಟಿರೋದೇ ತೊಳಿಯೋಕ.”

ಬಾಗಿಲಿನಿಂದ ಅಜ್ಜಿಯ ದನಿ ಬಂತು: “ತೊಳದ ಮ್ಯಾಲೆ ಮತ್ತೆ ಒಂಚೂರು ಎಣ್ಣೆ ಅಚ್ಚವ್ವ!”

ನೆನಪೂ ಹೀಗೆಯೇ ಅಲ್ಲವೇ ಎಂದು ನನಗೆ ಆಮೇಲೆ ಅನ್ನಿಸಿತು. ಹಳೆಯದನ್ನು ಹುಳ ತಿನ್ನದಿರಲೆಂದು ಹೇಳಿದಾಗಲೆಲ್ಲ ಒಂದಿಷ್ಟು ಎಣ್ಣೆ ಸವರುತ್ತೇವೆ. ಕೊನೆಗೆ ಹೊಳೆಯುವುದು ಕಾಳೋ ಎಣ್ಣೆಯೋ? ಈ ಮಾತನ್ನು ಬಸ್ಸಿನಲ್ಲಿ ಅಕ್ಕನಿಗೆ ಹೇಳಿದೆ. “ಬಾಯಿ ಮುಚ್ಕೊಂಡು ಪೊಟ್ಟಣ ಸರಿಯಾಗಿ ಹಿಡಿ” ಎಂದಳು.

ನಾನು ಪಾಠ ಹೇಳುವ ಕಾಲೇಜಿಗೆ ರಜೆಯಿತ್ತು. ಪೊಟ್ಟಣ ಹಿಡಿಯುವ ನೆಪದಲ್ಲಿ ನಾನೂ ಅವಳ ಜೊತೆ ಹೊರಟೆ. ಇಷ್ಟು ವರ್ಷ ಕೇಳಿದ್ದನ್ನು ಕಣ್ಣಾರೆ ಕಂಡು ಸಂಶಯಿಸಬೇಕೆಂಬುದು ಆಸೆ. ಪ್ರಯೋಗಾಲಯದ ಬಾಗಿಲಲ್ಲೇ ಚಪ್ಪಲಿ ಬಿಡಿಸಿ, ಮುಖದ ಪೌಡರು ತೊಳೆಸಿ, ತಲೆಗೆ ಟೋಪಿ ಹಾಕಿಸಿದಳು. ಮೇಜಿನ ಬಳಿ ಬಂದರೆ, “ಉಸಿರು ಬಿಡಬ್ಯಾಡ” ಎಂದಳು.

“ಅದೆಂಗಕ್ಕ?”

“ಆಕಡಿ ತಿರುಗಿ ಬಿಡು. ನಿನ್ನ ಉಸಿರಿನಾಗ ಇರೋದೂ ಅದೇ ಗ್ಯಾಸು. ನಾಳಿ ರಾಗಿ ಬದ್ಲು ನಿನ್ನ ವಯಸ್ಸು ಬಂದೀತು!”

ಅಲ್ಲಿ ಅಕ್ಕ ಬೇರೆಯೇ ವ್ಯಕ್ತಿ. ಎಣ್ಣೆ ಕರಗಿಸುವ ದ್ರವಗಳಲ್ಲಿ ರಾಗಿಯನ್ನು ಮತ್ತೆ ಮತ್ತೆ ಅದ್ದಿ ತೆಗೆದಳು. ಆಮೇಲೆ ಆಮ್ಲ, ಕ್ಷಾರ, ಮತ್ತೆ ಆಮ್ಲ. ಒಣಗಿಸಿ ಮೂರು ಪಾಲು ಮಾಡಿದಳು. ಬೆರಳಿಗಿಂತ ಸಣ್ಣ ಗಾಜಿನ ನಳಿಗೆಗಳಲ್ಲಿ ಒಂದೊಂದು ಪಾಲು ಹಾಕಿ, ಸುಡಲು ಬೇಕಾದ ಆಮ್ಲಜನಕ ಕೊಡುವ ಕಪ್ಪು ತಾಮ್ರದ ಪುಡಿ ಸೇರಿಸಿ, ಕೊಳೆ ಹಿಡಿಯಲು ಬೆಳ್ಳಿಯ ತಂತಿಯ ಚೂರು ಇಟ್ಟಳು. ಒಳಗಿನ ಗಾಳಿಯನ್ನೆಲ್ಲ ಎಳೆದು ತೆಗೆದು, ನಳಿಗೆಯ ಕುತ್ತಿಗೆಯನ್ನು ಜ್ವಾಲೆಗೆ ಹಿಡಿದಳು. ಗಾಜು ಬೆಲ್ಲದ ಪಾಕದಂತೆ ಎಳೆಯಾಗಿ ಮುಚ್ಚಿಕೊಂಡಿತು. ನಳಿಗೆಗಳು ಕುಲುಮೆ ಸೇರಿ ಕೆಂಪಾದವು. ಹಗೇವಿನಲ್ಲಿ ಅರ್ಧ ಸುಟ್ಟು ನಿಂತಿದ್ದ ರಾಗಿ, ಎಷ್ಟೋ ಕಾಲದ ಮೇಲೆ, ಪೂರ್ತಿ ಸುಟ್ಟಿತು.

ಮಾರನೇ ದಿನ ಆ ಗ್ಯಾಸನ್ನು ಶುದ್ಧ ಮಾಡುವ ಕೊಳವೆಗಳ ಸಾಲಿನ ಮುಂದೆ ನಿಲ್ಲಿಸಿದಳು. ಗೋಡೆಯುದ್ದಕ್ಕೂ ಹಬ್ಬಿದ ಗಾಜಿನ ಬಳ್ಳಿ ಅದು. ಒಳಗೆ ಒಂದಿಷ್ಟೂ ಗಾಳಿ ಇರಕೂಡದು. ಪಂಪು ಬಂದ್ ಮಾಡಿ, ಒತ್ತಡ ತೋರಿಸುವ ಮುಳ್ಳನ್ನೇ ನೋಡುತ್ತ ಕೈಕಟ್ಟಿ ನಿಂತಳು. ಬಹಳ ಹೊತ್ತಾದರೂ ಮುಳ್ಳು ಅಲುಗಲಿಲ್ಲ.

“ನೋಡಿದ್ಯಾ? ನನ್ನ ಕೊಳವಿ ಸೋರಿದ್ದು ಈ ಕಟ್ಟಡದಾಗ ಯಾರೂ ಕಂಡಿಲ್ಲ. ಕಾಣೋದೂ ಇಲ್ಲ” ಎಂದಳು. ಪಕ್ಕದ ಕೋಣೆಯವರ ಕೊಳವೆ ಆಗಾಗ ಸೋರುತ್ತದಂತೆ. ಆಗ ಇವಳು ಬಾಗಿಲಲ್ಲಿ ನಿಂತು, “ಏನ್ರಿ, ಇವತ್ತಿನ ಗಾಳಿಗೆ ವಯಸ್ಸು ಕೇಳಾಕ ಹೊಂಟೀರೇನು?” ಎಂದು ಕೇಳಿ ಬರುತ್ತಾಳಂತೆ. ಅವರಿಗೆ ಕನ್ನಡ ಬಾರದಿರುವುದು ದೇವರ ದಯೆ.

ನಳಿಗೆಯನ್ನು ಕೊಳವೆಯೊಳಗೇ ಮುರಿದಳು. ಗ್ಯಾಸು ಓಡಿತು. ಮೊದಲ ತಿರುವಿನಲ್ಲಿ ತಣ್ಣಗೆ ಮಾಡಿ ನೀರಿನ ಪಸೆಯನ್ನು ತಡೆದಳು. ಎರಡನೆಯ ತಿರುವನ್ನು ಹೊಗೆಯಾಡುವ ದ್ರವ ಸಾರಜನಕದಲ್ಲಿ ಮುಳುಗಿಸಿದಳು. ಗಾಜಿನ ಒಳಮೈಗೆ ಬೆಳ್ಳಗೆ, ಉಗುರಿನಂಚಿನಷ್ಟು, ಏನೋ ಕಟ್ಟಿತು.

“ಅಗಾ, ರಾಗಿ” ಎಂದಳು ಅಕ್ಕ.

ಮುದ್ದೆಯಾಗಬೇಕಿದ್ದದ್ದು ಮಂಜಾಗಿ ಕೂತಿತ್ತು. ಯಾವ ಹೆಂಗಸು ಬಿತ್ತಿ, ಕಳೆ ತೆಗೆದು, ಕುಯ್ದು, ಬಡಿದು ತುಂಬಿಟ್ಟದ್ದೋ!  ಸಂಶಯಿಸಲು ಬಂದವನು ನಾನು. ಆಕಡೆ ತಿರುಗಿ ಉಸಿರು ಬಿಟ್ಟೆ, ಅಷ್ಟೇ. ಅಕ್ಕ ಬಹಳ ಹೊತ್ತು ಆ ಬಿಳುಪನ್ನೇ ನೋಡುತ್ತಿದ್ದಳು. “ನಮ್ಮ ಮಣ್ಣಿಂದು” ಎಂದು ತನ್ನಷ್ಟಕ್ಕೇ ಹೇಳಿಕೊಂಡಳು.

ಯಂತ್ರದ ಸರದಿ ಬರಲು ತಿಂಗಳುಗಳೇ ಹಿಡಿಯುತ್ತವೆ. ನಾನು ಊರಿಗೆ ಮರಳಿದೆ. ಬಾಮೈದ ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದ. ಬೋರ್ಡಿಗೆ ಬಣ್ಣ ಯಾವುದಿರಲಿ ಎಂದು ಕೇಳಿದ. ಅಜ್ಜಿ ಬಣ್ಣ ಕೇಳಲಿಲ್ಲ. “ಎಂಗಸ್ರು ಮಕ್ಳು ಆಚೆ ಬಂದ್ರಂತಾ?” ಎಂದಷ್ಟೇ ಕೇಳಿಸುತ್ತಿದ್ದರು.

ಅಕ್ಕ ಫಲಿತಾಂಶವನ್ನು ತಾನೇ ತಂದಳು. ದೊಡ್ಡಮ್ಮನ ಮನೆಯ ಕಟ್ಟೆಯ ಮೇಲೆ ಕೂತಿದ್ದೆವು. ಇದು ಕಟ್ಟೆಯೇ, ನನಗೆ ಸಂಶಯವಿಲ್ಲ. ಬಾಮೈದ ಹೊಸ ಅಂಗಿ ಹಾಕಿಕೊಂಡು ಮಡಕಶಿರಾದಿಂದ ಅದಕ್ಕೆಂದೇ ಬಂದಿದ್ದ.

“ಮೂರು ಪಾಲಿಂದೂ ರಿಸಲ್ಟು ಬಂದೈತಿ” ಎಂದಳು ಅಕ್ಕ. “ಮೊದಲನೇದು ನೊಳಂಬರ ಕಾಲದ್ದು.”

ಬಾಮೈದ ಕಟ್ಟೆಯಿಂದ ಹಾರಿದ. “ನಾನು ಏಳಿರಲಿಲ್ವಾ!”

“ಕುಂದ್ರಪ. ಎರಡನೇದು ಪಾಳೇಗಾರರ ಕಾಲದ್ದು. ಮೂರನೇದಕ್ಕ ಯಂತ್ರ ವಯಸ್ಸೇ ಹೇಳಲಿಲ್ಲ. ಹೊಸದು ಅಂದುಬಿಡ್ತು.”

ಒಂದೇ ಹಗೇವು, ಒಂದೇ ಹಿಡಿ ರಾಗಿ! ಅಜ್ಜ, ಮಗ, ಮೊಮ್ಮಗ ಮೂವರೂ ಅದರಲ್ಲೇ! ಎಣ್ಣೆ ಕಾಳಿನ ಹೊಟ್ಟೆಗೇ ಇಳಿದಿತ್ತು. ಒಂದೊಂದು ಪಾಲಿನಲ್ಲಿ ಒಂದೊಂದಷ್ಟು ಉಳಿದುಕೊಂಡಿತ್ತು. ಅದೇ ಕೊಳವೆಯಲ್ಲಿ ಪರೀಕ್ಷೆಗೆಂದು ಸುಟ್ಟ ಗಣಿ ಕಲ್ಲಿದ್ದಲಿನಲ್ಲಿ ಮಾತ್ರ ಆ ಕರಗುವ ಇಂಗಾಲ, ಇರಬಾರದಂತೆಯೇ, ಒಂಚೂರೂ ಇರಲಿಲ್ಲ; ಕೊಳವೆ ಸೋರಿದ್ದರೆ ಗಾಳಿಯದು ಸೇರಿರುತ್ತಿತ್ತು. ಆದ್ದರಿಂದ ಕೊಳವೆಯದೇನೂ ತಪ್ಪಿಲ್ಲ, ತಪ್ಪೆಲ್ಲ ಎಣ್ಣೆಯದೇ ಎಂದು ಅಕ್ಕ ಬಿಡಿಸಿ ಹೇಳಿದಳು.

“ಮೊದಲನೇದೇ ಇಟ್ಕಳಿ ಅಕ್ಕ” ಎಂದ ಬಾಮೈದ. “ಹಳೇದು ಅದೇ ತಾನೇ? ಮಿಕ್ಕಿದ್ದು ಬಿಸಾಕಿ. ಯಾರು ನೋಡ್ತಾರೆ?”

ಸುಳ್ಳೇಕೆ, ನನಗೂ ಹಾಗೇ ಅನ್ನಿಸಿತ್ತು. ಅವಳ ಬದುಕಿನ ಆಸೆ ಅದು. ಕೈಗೆ ಬಂದಿದೆ. ನೊಳಂಬರ ಕಾಲ ಎಂದುಬಿಟ್ಟರೆ ಸಾಕು, ನಮ್ಮ ಸೀಮೆಯ ಒಂದು ಹೆಸರು ಅವಳ ಕೈಯಿಂದಲೇ ಪುಸ್ತಕ ಸೇರುತ್ತದೆ. ಬರುವ ವರ್ಷ ನೆಮ್ಮದಿಯಾಗಿ ಮನೆಗೆ ಬರಬಹುದು.

“ನಾನು ನೋಡಿದ್ನಲ್ಲಪ್ಪ” ಎಂದಳು ಅಕ್ಕ. “ಮೊದಲನೇದರಾಗೂ ಎಣ್ಣಿ ಎಷ್ಟೈತೋ ಯಾರಿಗ್ಗೊತ್ತು? ಅಸಲು ಇನ್ನೂ ಹಳೇದಿರಬೌದು. ಹೆಚ್ಚು ಕಡಿಮಿ ಹೇಳಾಕ ಬರದಿದ್ರ ಅದು ವಯಸ್ಸಲ್ಲ. ಬಿಡು, ಇದು ಲೆಕ್ಕಕ್ಕಿಲ್ಲ.” ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ಆಗಲೇ ಒರೆಸಿದ್ದ ಕನ್ನಡಕ. “ನಮ್ಮ ಕಡೇದು ಒಂದೂ ಆಗಲಿಲ್ಲ ನೋಡು” ಎಂದಳು.

ಬಾಮೈದನಿಗೆ ಬೋರ್ಡು ಹೋಯಿತೆಂಬ ಸಿಟ್ಟು. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಅಜ್ಜಿ. ಅವನು ಸ್ಪೀಕರು ಹಾಕಿದ.

“ಏನಂದ್ಳಪ್ಪ ಆಯಮ್ಮ? ಯಾವಾಗಿಂದಂತೆ?”

“ಏನಂತಾಳೆ! ಎಲ್ಲಾ ಕೆಟ್ಟೋಯ್ತು ಅಜ್ಜಿ. ನೀನು ಆ ಎಣ್ಣೆ…”

ಮಾತು ಮುಗಿಯಲಿಲ್ಲ. ಅಕ್ಕ ಅವನ ಕೈಯಿಂದ ಫೋನು ಕಸಿದುಕೊಂಡಿದ್ದಳು.

“ಅಮ್ಮ, ನಾನ್ರಿ. ರಾಗೀದು ವಯಸ್ಸು ಗೊತ್ತಾಗಲಿಲ್ರಿ. ತಪ್ಪು ನಂದೇ. ಗ್ಯಾಸ್ ಮಾಡ್ಬೇಕಾದ್ರ… ನನ್ನ ಕೊಳವಿ ಸೋರಿಬಿಡ್ತು.”

ನಾನು ಅಕ್ಕನ ಮುಖ ನೋಡಿದೆ. ಅವಳು ಬೆಟ್ಟದ ಕಡೆ ನೋಡುತ್ತಿದ್ದಳು.

ಆ ಕಡೆಯಿಂದ ಅಜ್ಜಿ ಹೇಳಿದರು: “ಅಯ್ಯೋ, ಅದಕ್ಯಾಕವ್ವ ದನಿ ಸಣ್ಣ ಮಾಡ್ಕಂತೀಯ? ಸೋರದ ಕೈ ಯಾರ್ದೈತೆ? ನೀನೇನೂ ಬೇಕು ಅಂತ ಮಾಡಲಿಲ್ಲವಲ್ಲ. ಕೇಳಿಲ್ಲಿ, ಇನ್ನೊಂದು ಇಡಿ ರಾಗಿ ದೇವರ ಗೂಡಲ್ಲಿ ಮಡಗಿವ್ನಿ. ದಿನಾ ಎಣ್ಣೆ ಸವರ್ತೀನಿ, ಮಗು ಇದ್ದಂಗೈತೆ. ಕಳಿಸ್ಲಾ?”

“ಬ್ಯಾಡ್ರಿ ಅಮ್ಮ, ಅದು ಅಲ್ಲೇ ಇರ್ಲಿ” ಎಂದಳು ಅಕ್ಕ. “ಎಣ್ಣಿ ಹಚ್ಚೋದು ಮಾತ್ರ ಬಿಡಬ್ಯಾಡ್ರಿ.”